ಅನಾನಸ್: ಹಣ್ಣೇ, ರಸವೇ, ಡಬ್ಬಿಯೇ, ಗುಳಿಗೆಯೇ?

ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅತ್ತಿಗೆ ಫೋನ್ ಮಾಡಿದರು. "ಮನೆಯಲ್ಲಿ ಅನಾನಸ್ ವಿಷಯಕ್ಕೆ ದಿನಕ್ಕೊಂದು ಮಾತು ನಡೆಯುತ್ತಿದೆ, ನೀನೇ ಒಂದು ದಾರಿ ಹೇಳು" ಎಂದರು. ಅಣ್ಣನಿಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಣ್ಣು ತಿನ್ನಬಾರದು, ಸಕ್ಕರೆ ಹಾಕದ ಜ್ಯೂಸ್ ಮಾತ್ರ ಕುಡಿಯಬಹುದು ಎಂದು ಯಾರೋ ಹೇಳಿದ್ದರು. ಮಗಳು ಹಾಸ್ಟೆಲಿನಿಂದ ಬಂದಿದ್ದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ಅತ್ತಿಗೆಯ ತಾಯಿಗೆ ಮಂಡಿನೋವು. ಅವರ ಮೊಬೈಲಿಗೆ "ಅನಾನಸ್ ಸತ್ವದ ಗುಳಿಗೆ"ಯ ಜಾಹೀರಾತು ಬಂದು, ಒಂದು ಸೀಸೆ ತರಿಸಿಕೊಡು ಎಂದು ಹಟ ಹಿಡಿದಿದ್ದರು. ಇದರ ಮೇಲೆ ಹಬ್ಬಕ್ಕೆಂದು ತಂದ ಎರಡು ಡಬ್ಬಿ ಅನಾನಸ್ ಅಡುಗೆಮನೆಯ ಕಪಾಟಿನಲ್ಲಿ ಹಾಗೇ ಇದ್ದವು.

ಒಂದೇ ಹಣ್ಣು, ನಾಲ್ಕೈದು ರೂಪ. ಒಳ್ಳೆಯದೆಂಬ ಮಾತು ಎಲ್ಲದರ ಮೇಲೂ ಬರೆದಿರುತ್ತದೆ. ಆದರೆ ರೂಪ ಬದಲಾದಂತೆ ಹಣ್ಣಿನೊಳಗಿನ ಗುಣವೂ ಬದಲಾಗುತ್ತದೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರುವುದೇ ಇಲ್ಲ. ಹಾಗಾಗಿ "ಅನಾನಸ್ ಒಳ್ಳೆಯದೇ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಅನಾನಸ್, ಯಾರಿಗೆ, ಯಾತಕ್ಕೆ ಎಂದು ಕೇಳಬೇಕು.

ಮೊದಲು ಅಳತೆಗೋಲು

ಹೋಲಿಸುವುದಕ್ಕೆ ನಾನು ಆರು ಸಂಗತಿಗಳನ್ನು ನೋಡುತ್ತೇನೆ: ಸಿ ಜೀವಸತ್ವ ಎಷ್ಟು ಉಳಿದಿದೆ, ಸಕ್ಕರೆ ಎಷ್ಟಿದೆ ಮತ್ತು ಯಾವ ರೂಪದಲ್ಲಿದೆ, ನಾರು ಇದೆಯೇ, ಹಣ್ಣಿನಲ್ಲಿರುವ ಪ್ರೋಟೀನ್ ಒಡೆಯುವ ಕಿಣ್ವ ಜೀವಂತವಾಗಿದೆಯೇ, ತಿನ್ನುವವರ ಮೈಗೆ ಒಗ್ಗುತ್ತದೆಯೇ, ಕೊನೆಗೆ ಕೊಟ್ಟ ದುಡ್ಡಿಗೂ ಪಟ್ಟ ಶ್ರಮಕ್ಕೂ ತಕ್ಕದ್ದು ಸಿಗುತ್ತದೆಯೇ. ಪ್ರತಿ ಮನೆಯಲ್ಲೂ ಈ ಆರಕ್ಕೆ ಒಂದೇ ತೂಕ ಇರುವುದಿಲ್ಲ. ಅಣ್ಣನಿಗೆ ಎರಡನೆಯದು ಮುಖ್ಯ, ಮಗಳಿಗೆ ಮೊದಲನೆಯದು, ಅಜ್ಜಿಗೆ ಐದನೆಯದು.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಜಾ ಅನಾನಸ್ಸಿನಲ್ಲಿ ಸುಮಾರು 50 ಕ್ಯಾಲೊರಿ, 13 ಗ್ರಾಂ ಕಾರ್ಬೋಹೈಡ್ರೇಟ್ (ಅದರಲ್ಲಿ ಸಕ್ಕರೆಯೇ ಹತ್ತು ಗ್ರಾಂನಷ್ಟು), 1.4 ಗ್ರಾಂ ನಾರು ಮತ್ತು 48 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ದಿನಕ್ಕೆ ಬೇಕಾದ ಸಿ ಜೀವಸತ್ವ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಮುಕ್ಕಾಲು ಇಂಚು ದಪ್ಪದ ದುಂಡನೆಯ ಒಂದು ಬಿಲ್ಲೆ ಸುಮಾರು 84 ಗ್ರಾಂ ತೂಗುತ್ತದೆ. ಎರಡು ಬಿಲ್ಲೆ ತಿಂದರೆ ದಿನದ ಪಾಲು ಮುಗಿದಂತೆಯೇ.

ಮ್ಯಾಂಗನೀಸ್ ಬಗ್ಗೆಯೂ ಒಂದು ಮಾತು. ಅನಾನಸ್ಸಿನ ಗುಣಗಾನ ಮಾಡುವ ಪ್ರತಿಯೊಂದು ಬರಹದಲ್ಲೂ ಈ ಖನಿಜದ ಹೆಸರಿರುತ್ತದೆ. 100 ಗ್ರಾಂನಲ್ಲಿ 0.9 ಮಿಲಿಗ್ರಾಂ ಇರುವುದೂ ನಿಜ, ಮೂಳೆಗೆ ಅದು ಬೇಕು ಎನ್ನುವುದೂ ನಿಜ. ಆದರೆ ರಾಗಿ, ಅಕ್ಕಿ, ಕಾಳು, ಚಹಾ ಇಷ್ಟು ದಿನವೂ ಹೊಟ್ಟೆಗೆ ಬೀಳುವ ನಮ್ಮ ಮನೆಗಳಲ್ಲಿ ಮ್ಯಾಂಗನೀಸ್ ಕೊರತೆ ದೊಡ್ಡ ಚಿಂತೆಯಲ್ಲ. ಅದಕ್ಕಾಗಿ ಯಾರೂ ಅನಾನಸ್ ಕೊಳ್ಳಬೇಕಿಲ್ಲ.

ಎರಡು ಬಟ್ಟಲು ಮೊಸರು

ಕಿಣ್ವದ ಮಾತನ್ನು ಓದಿ ನಂಬುವುದಕ್ಕಿಂತ ಮನೆಯಲ್ಲೇ ನೋಡುವುದು ಚೆನ್ನ. ನಾನು ಮಾಡಿದ್ದು ಇಷ್ಟೇ. ಒಂದೇ ಪಾತ್ರೆಯ ಗಟ್ಟಿ ಮೊಸರನ್ನು ಎರಡು ಬಟ್ಟಲಿಗೆ ಹಾಕಿದೆ. ಒಂದಕ್ಕೆ ಹಸಿ ಅನಾನಸ್ ಹೋಳು, ಇನ್ನೊಂದಕ್ಕೆ ಅದೇ ಹಣ್ಣಿನ ಹೋಳುಗಳನ್ನು ಹತ್ತು ನಿಮಿಷ ಕುದಿಸಿ ಆರಿಸಿ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಎರಡೂ ರುಚಿಯಾಗಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಹಸಿ ಹೋಳಿನ ಮೊಸರು ಅಂಚಿನಲ್ಲಿ ನೀರು ಬಿಡತೊಡಗಿತ್ತು. ಸಂಜೆ ಒಂದು ಚಮಚ ಬಾಯಿಗೆ ಹಾಕಿದರೆ ಹಾಗಲಕಾಯಿಯ ನೆನಪು ತರುವಷ್ಟು ಕಹಿ. ಬೇಯಿಸಿದ ಹೋಳಿನ ಮೊಸರು ಮಾತ್ರ ಬೆಳಿಗ್ಗೆ ಇದ್ದಂತೆಯೇ ಇತ್ತು.

ಮೊಸರನ್ನು ಕೆಡಿಸಿದ್ದು ಬ್ರೊಮೆಲೈನ್. ಪ್ರೋಟೀನನ್ನು ತುಂಡು ತುಂಡಾಗಿ ಕತ್ತರಿಸುವ ಕಿಣ್ವಗಳ ಗುಂಪಿಗೆ ಈ ಹೆಸರು. ಮೊಸರಿನ ಪ್ರೋಟೀನ್ ಒಡೆದಾಗ ಹುಟ್ಟುವ ಚಿಕ್ಕ ತುಣುಕುಗಳೇ ಆ ಕಹಿಗೆ ಕಾರಣ. ಜಾಸ್ತಿ ಅನಾನಸ್ ತಿಂದಾಗ ನಾಲಿಗೆ ಸುಲಿದಂತಾಗುವುದೂ ಇದೇ ಕಿಣ್ವದಿಂದ. ಹಣ್ಣಿನಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಆ ಉರಿಯನ್ನು ಹೆಚ್ಚಿಸುತ್ತವೆ. ಬೆಂಕಿ ತಗುಲಿದರೆ ಕಿಣ್ವ ಸತ್ತುಹೋಗುತ್ತದೆ. ಇಷ್ಟು ಗೊತ್ತಿದ್ದರೆ ಒಂದು ವಿಷಯ ಖಚಿತ: ಡಬ್ಬಿಯ ಹಣ್ಣಿಗೂ ಪೊಟ್ಟಣದ ರಸಕ್ಕೂ ಗೊಜ್ಜಿಗೂ ಕೇಸರಿಬಾತಿಗೂ ಬ್ರೊಮೆಲೈನಿನ ಹೆಸರಿನಲ್ಲಿ ಹೊಗಳಿಕೆ ಸಲ್ಲುವುದಿಲ್ಲ. ಅವುಗಳಲ್ಲಿ ಅದು ಉಳಿದೇ ಇಲ್ಲ.

ಇನ್ನು ಹಸಿ ಹಣ್ಣಿನಲ್ಲಿರುವ ಕಿಣ್ವ ಜೀರ್ಣಕ್ಕೆ ಎಷ್ಟು ಸಹಾಯ? ಹಸಿ ಅನಾನಸ್ ಅರೆದು ಸವರಿಟ್ಟರೆ ಮಾಂಸ ಮೆತ್ತಗಾಗುವುದು ನಿಜ. ಹೊಟ್ಟೆಯೊಳಗೆ ಕಥೆ ಬೇರೆ. ಅಲ್ಲಿನ ಆಮ್ಲ ಅದರ ಬಲವನ್ನು ಕುಗ್ಗಿಸುತ್ತದೆ, ಜೊತೆಗೆ ಆರೋಗ್ಯವಂತರ ಜಠರವೂ ಮೇದೋಜೀರಕ ಗ್ರಂಥಿಯೂ ಪ್ರೋಟೀನ್ ಕರಗಿಸುವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಊಟವಾದ ಮೇಲೆ ನಾಲ್ಕು ಹೋಳು ತಿಂದರೆ ಹಗುರವೆನಿಸುತ್ತದೆ ಎನ್ನುವವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಅಜೀರ್ಣಕ್ಕೆ ಇದೇ ಮದ್ದು ಎಂದು ಮಾತ್ರ ಹೇಳಲಾರೆ.

ಇಡೀ ಹಣ್ಣು

ಎಲ್ಲ ಅಳತೆಗಳಲ್ಲೂ ಮುಂದಿರುವುದು ಇದೇ, ಶ್ರಮ ಒಂದನ್ನು ಬಿಟ್ಟು. ನಮ್ಮ ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ಎರಡು ಜಾತಿ. ಒಂದು ಕ್ವೀನ್ ಗುಂಪಿನದು. ಕೇರಳದಲ್ಲಿ ಮಾರಿಷಸ್ ಎಂದು ಕರೆಯುವುದು ಇದನ್ನೇ. ಎರ್ನಾಕುಲಂ ಜಿಲ್ಲೆಯ ವಾಳಕ್ಕುಳಂ ಅನಾನಸ್ಸಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಣ್ಣು ಸಣ್ಣದು, ಕಣ್ಣು ಆಳ, ಎಲೆಯಂಚಿನಲ್ಲಿ ಮುಳ್ಳು, ತಿರುಳು ಬಂಗಾರದ ಬಣ್ಣ, ಕಚ್ಚಿದರೆ ಗರಿಗರಿ, ಸಿಹಿ ಮುಂದು. ಇನ್ನೊಂದು ಕ್ಯೂ. ಎರಡು ಕಿಲೋ ಮೀರುವ ದೊಡ್ಡ ಹಣ್ಣು, ಕಣ್ಣು ಅಗಲವಾಗಿ ಮೇಲಕ್ಕೇ ಇರುತ್ತದೆ, ಎಲೆಗೆ ಮುಳ್ಳು ಕಡಿಮೆ, ತಿರುಳು ತಿಳಿಹಳದಿ, ರಸ ಜಾಸ್ತಿ, ಹುಳಿಯೂ ಸ್ವಲ್ಪ ಜಾಸ್ತಿ. ಶಿರಸಿ ತಾಲ್ಲೂಕಿನ ಬನವಾಸಿ, ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರದ ಕಡೆ ಅನಾನಸ್ ತೋಟಗಳು ಹಬ್ಬಿಕೊಂಡಿವೆ. ಕದಂಬರ ಕಾಲದ ಬನವಾಸಿಗೆ ಈ ಹಣ್ಣಿನ ಪರಿಚಯವೇ ಇರಲಿಲ್ಲ. ದಕ್ಷಿಣ ಅಮೆರಿಕದ ಈ ಗಿಡವನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಭಾರತಕ್ಕೆ ತಂದರು, ಅನಾನಸ್ ಎಂಬ ಹೆಸರೂ ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಅವರ ಮೂಲಕವೇ ಬಂತು.

ಹೋಳು ಮಾಡಿ ತಿನ್ನಲು ಕ್ವೀನ್, ಗೊಜ್ಜಿಗೂ ರಸಕ್ಕೂ ಕ್ಯೂ. ಕ್ಯೂ ಹಣ್ಣು ದೊಡ್ಡದಾದ್ದರಿಂದ ಐದಾರು ಜನರ ಮನೆಗೆ ಒಂದೇ ಸಾಕು. ಸಿ ಜೀವಸತ್ವ ಮಾತ್ರ ಜಾತಿಯಿಂದ ಜಾತಿಗೆ ಬಹಳ ಬದಲಾಗುತ್ತದೆ. ಮೇಲೆ ಹೇಳಿದ ಅದೇ ಕೋಷ್ಟಕದಲ್ಲಿ ಹಳೆಯ ತಳಿಗಳಿಗೆ 100 ಗ್ರಾಂಗೆ 17 ಮಿಲಿಗ್ರಾಂ, ಈಚಿನ ಅತಿಸಿಹಿ ತಳಿಗೆ 56 ಮಿಲಿಗ್ರಾಂ ಎಂದಿದೆ. ಹಾಗಾಗಿ 48 ಎಂಬ ಅಂಕಿಯನ್ನು ಪ್ರತಿ ಹಣ್ಣಿನ ಮೇಲೂ ಮುದ್ರೆಯಂತೆ ಒತ್ತಬಾರದು.

ಕೊಳ್ಳುವಾಗ ನೆನಪಿಡಬೇಕಾದ್ದು ಒಂದಿದೆ. ಅನಾನಸ್ ಬಾಳೆಹಣ್ಣಿನಂತಲ್ಲ, ಗಿಡದಿಂದ ಕಿತ್ತ ಮೇಲೆ ಅದರ ಸಿಹಿ ಏರುವುದಿಲ್ಲ. ಮನೆಯಲ್ಲಿಟ್ಟರೆ ಸಿಪ್ಪೆ ಹಳದಿಯಾಗಬಹುದು, ಹಣ್ಣು ಮೆತ್ತಗಾಗಬಹುದು, ಸಿಹಿ ಮಾತ್ರ ಕಿತ್ತ ದಿನ ಎಷ್ಟಿತ್ತೋ ಅಷ್ಟೇ. ಆದ್ದರಿಂದ ಬಣ್ಣಕ್ಕೆ ಮರುಳಾಗದೆ ಹಣ್ಣನ್ನು ತಿರುಗಿಸಿ ಬುಡ ಮೂಸಿ ನೋಡಿ. ಅಲ್ಲಿ ಘಮ ಇದ್ದರೆ ಹಣ್ಣು ಬಲಿತಿದೆ. ಹುಳಿತ ವಾಸನೆ ಬಂದರೆ ಕೆಳಗಿಡಿ. ಒಂದೇ ಗಾತ್ರದ ಎರಡು ಹಣ್ಣುಗಳಲ್ಲಿ ಕೈಗೆ ಭಾರವೆನಿಸುವುದನ್ನು ಆರಿಸಿ. ಬಲಿಯದ ಕಾಯಿಯನ್ನು ಹಸಿಯಾಗಿ ತಿನ್ನುವುದು ಬೇಡ. ಗಂಟಲು ಕೆರೆತ, ಹೊಟ್ಟೆ ತೊಳಸು ತಪ್ಪಿದ್ದಲ್ಲ.

ದುಡ್ಡಿನ ಲೆಕ್ಕಕ್ಕೆ ಒಮ್ಮೆ ನಾನು ತೂಗಿಯೇ ನೋಡಿದೆ. ಒಂದೂವರೆ ಕಿಲೋ ಹಣ್ಣಿನಲ್ಲಿ ಜುಟ್ಟು, ಸಿಪ್ಪೆ, ಕಣ್ಣು, ದಿಂಡು ಹೋಗಿ ತಟ್ಟೆಗೆ ಬಂದದ್ದು ಎಂಟುನೂರು ಗ್ರಾಂ. ಅಂದರೆ ಅಂಗಡಿಯವನು ಹೇಳುವ ಕಿಲೋ ಬೆಲೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದರೆ ನೀವು ತಿನ್ನುವ ತಿರುಳಿನ ನಿಜವಾದ ಬೆಲೆ ಸಿಗುತ್ತದೆ. ಕತ್ತರಿಸಿಟ್ಟ ಹೋಳಿನ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ, ಆಗ ಯಾವುದು ತುಟ್ಟಿ ಎಂದು ತಿಳಿಯುತ್ತದೆ. ನಡುವಿನ ದಿಂಡನ್ನು ನಾನು ಎಸೆಯುವುದಿಲ್ಲ. ತಿರುಳಿಗಿಂತ ಹೆಚ್ಚು ಬ್ರೊಮೆಲೈನ್ ಇರುವುದು ಅದರಲ್ಲೇ. ತೆಳ್ಳಗೆ ಹೆಚ್ಚಿ ಕೋಸಂಬರಿಗೆ ಸೇರಿಸಿದರೆ ಅಗಿಯಲು ಕಷ್ಟವಾಗುವುದಿಲ್ಲ.

ಗಾಡಿಯ ಹೋಳು

ಒಬ್ಬರೇ ಇರುವವರಿಗೆ, ಹಾಸ್ಟೆಲಿನ ಮಕ್ಕಳಿಗೆ ಇಡೀ ಹಣ್ಣು ಹೊರೆ. ಅವರಿಗೆ ಗಾಡಿಯೇ ಗತಿ, ಅದರಲ್ಲಿ ತಪ್ಪೇನೂ ಇಲ್ಲ. ಕಣ್ಣೆದುರಿಗೇ ಸಿಪ್ಪೆ ಹೆರೆಸಿಕೊಳ್ಳಿ, ಬೆಳಿಗ್ಗೆಯಿಂದ ಗಾಜಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಮೇಲೆ ಕೂತ ಹೋಳು ಬೇಡ. ಆ ಮಂಜುಗಡ್ಡೆ ಯಾವ ನೀರಿನದೆಂದು ಕೇಳಿ ತಿಳಿಯಲಾಗುವುದಿಲ್ಲ. ರಕ್ತದೊತ್ತಡ ಇರುವವರು ಉಪ್ಪುಖಾರ ಬೇಡವೆಂದು ಮೊದಲೇ ಹೇಳಬೇಕು. ಹಣ್ಣಿನಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಆ ಒಂದು ಚಿಟಿಕೆಯಲ್ಲಿ ಅದು ಸೇರಿಬಿಡುತ್ತದೆ.

ರಸ

ಅಣ್ಣನಿಗೆ ಸಿಕ್ಕ ಸಲಹೆ ತಲೆಕೆಳಗಾಗಿತ್ತು. ಸಕ್ಕರೆ ಹಾಕದ ಜ್ಯೂಸ್ ಎಂದರೆ ಸಕ್ಕರೆ ಇಲ್ಲದ ಜ್ಯೂಸ್ ಅಲ್ಲ. 250 ಮಿಲಿಲೀಟರಿನ ಒಂದು ಲೋಟ ಅನಾನಸ್ ರಸದಲ್ಲಿ, ಮೇಲಿಂದ ಒಂದು ಕಾಳು ಸಕ್ಕರೆ ಹಾಕದಿದ್ದರೂ, ಹಣ್ಣಿನದೇ ಸಕ್ಕರೆ 25 ಗ್ರಾಂನಷ್ಟಿರುತ್ತದೆ. ನಾರು ಅರ್ಧ ಗ್ರಾಂ ಇದ್ದರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ರಸದ ಸಕ್ಕರೆಯನ್ನು ಇಡೀ ಹಣ್ಣಿನ ಸಕ್ಕರೆಯ ಜೊತೆಗೆ ಸೇರಿಸುವುದಿಲ್ಲ, ಚಹಾಕ್ಕೆ ಹಾಕುವ ಸಕ್ಕರೆಯ ಸಾಲಿನಲ್ಲೇ ಲೆಕ್ಕ ಹಾಕುತ್ತದೆ. ಆ ಸಾಲಿನ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ಎರಡು ಸಾವಿರ ಕ್ಯಾಲೊರಿ ಉಣ್ಣುವ ವಯಸ್ಕರಿಗೆ ಅದು ಕೊಡುವ ಸಲಹೆಯ ಸಾರ. ಒಂದೇ ಲೋಟದಲ್ಲಿ ಆ 25 ಗ್ರಾಂ ಪಾಲು ಮುಗಿಯಿತು. ಜ್ಯೂಸ್ ಅಂಗಡಿಯವರು ಮೂರು ಚಮಚ ಸಕ್ಕರೆಯನ್ನೂ ಸೇರಿಸಿದರೆ ಹೇಳುವುದೇ ಬೇಡ.

ತಿನ್ನುವುದಕ್ಕೂ ಕುಡಿಯುವುದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಕಾಲು ಕಿಲೋ ಹಣ್ಣನ್ನು ಅಗಿದು ತಿನ್ನಲು ಹತ್ತು ನಿಮಿಷ ಬೇಕು, ನಡುವೆಯೇ ಸಾಕೆನಿಸುತ್ತದೆ. ಅಷ್ಟೇ ಹಣ್ಣಿನ ರಸ ಅರ್ಧ ನಿಮಿಷದಲ್ಲಿ ಗಂಟಲಿಳಿಯುತ್ತದೆ, ರಕ್ತದ ಸಕ್ಕರೆಯೂ ಅದೇ ಅವಸರದಲ್ಲಿ ಏರುತ್ತದೆ.

ಹಾಗಾದರೆ ರಸ ಯಾರಿಗೆ? ಜ್ವರದಿಂದ ಎದ್ದು ಅಗಿಯಲಾಗದವರಿಗೆ, ಹಲ್ಲಿಲ್ಲದ ಹಿರಿಯರಿಗೆ, ಊಟವೇ ಸೇರದೆ ಸೊರಗಿದವರಿಗೆ. ಅವರಿಗೂ ಮನೆಯಲ್ಲಿ ರುಬ್ಬಿ, ಸೋಸದೆ, ಅರ್ಧ ಲೋಟ. ರಟ್ಟಿನ ಪೊಟ್ಟಣದ್ದನ್ನು ಕೊಳ್ಳಲೇಬೇಕಾದರೆ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ಎಷ್ಟೋ ಪೊಟ್ಟಣಗಳಲ್ಲಿ ಇರುವುದು ರಸವಲ್ಲ, ಸ್ವಲ್ಪ ರಸ ಬೆರೆಸಿದ ಸಕ್ಕರೆ ನೀರು.

ಡಬ್ಬಿ, ಒಣಗಿಸಿದ್ದು, ಜಾಮ್

ಡಬ್ಬಿಯ ಅನಾನಸ್ಸಿಗೆ ಅದರದೇ ಜಾಗವಿದೆ. ವರ್ಷವಿಡೀ ಸಿಗುತ್ತದೆ, ಹೆರೆಯುವ ಕೆಲಸವಿಲ್ಲ, ನಾಲಿಗೆ ಉರಿಯುವುದಿಲ್ಲ, ಮೊಸರೂ ಕಹಿಯಾಗುವುದಿಲ್ಲ. ಖನಿಜಗಳು ಶಾಖಕ್ಕೆ ಹೋಗುವುದಿಲ್ಲವಾದ್ದರಿಂದ ಅವೂ ಉಳಿದಿರುತ್ತವೆ. ಹೋಗಿರುವುದು ಸಿ ಜೀವಸತ್ವ: 100 ಗ್ರಾಂಗೆ 7ರಿಂದ 10 ಮಿಲಿಗ್ರಾಂ ಅಷ್ಟೇ. ಗಟ್ಟಿ ಸಕ್ಕರೆ ಪಾಕದಲ್ಲಿ ಮುಳುಗಿಸಿದ್ದರೆ ಕಾರ್ಬೋಹೈಡ್ರೇಟ್ 13ರಿಂದ 20 ಗ್ರಾಂಗೆ ಏರಿರುತ್ತದೆ; ತನ್ನದೇ ರಸದಲ್ಲಿಟ್ಟದ್ದಾದರೆ 16ರ ಆಸುಪಾಸು. ಕಪಾಟಿನ ಆ ಎರಡು ಡಬ್ಬಿಗಳನ್ನು ನೋಡಲು ಅತ್ತಿಗೆಗೆ ಹೇಳಿದೆ, ಎರಡೂ ಗಟ್ಟಿ ಪಾಕದವು. ಪಾಕ ಬಸಿದು, ಹೋಳನ್ನು ನೀರಿನಲ್ಲಿ ಜಾಲಿಸಿ ರಾಯತಕ್ಕೆ ಬಳಸಿ ಎಂದೆ.

ಒಣಗಿಸಿದ ಅನಾನಸ್ಸಿನ ಮಟ್ಟಿಗೆ ಒಂದೇ ಮಾತು: ನೀರು ಹೋಗಿ ಸಕ್ಕರೆ ಒತ್ತೊತ್ತಾಗಿರುತ್ತದೆ, ಮಾರುಕಟ್ಟೆಯದ್ದರಲ್ಲಿ ಬಹಳಷ್ಟು ಸಕ್ಕರೆಯಲ್ಲೇ ಅದ್ದಿದ್ದು. ಚಾರಣಕ್ಕೆ ಹೊರಟವರ ಜೇಬಿಗೆ ಸರಿ. ಜಾಮ್ ಅನ್ನು ಹಣ್ಣಿನ ಲೆಕ್ಕಕ್ಕೆ ಹಿಡಿಯಬೇಡಿ.

ಗೊಜ್ಜು, ಮೆಣಸ್ಕಾಯಿ, ಸಾಸಂ

ನಮ್ಮವರು ಅನಾನಸ್ಸನ್ನು ಅಡುಗೆಯ ವಸ್ತುವಾಗಿಯೂ ಪ್ರೀತಿಸುತ್ತಾರೆ. ಮದುವೆಯ ಎಲೆಯ ತುದಿಯಲ್ಲಿ ಹೊಳೆಯುವ ಗೊಜ್ಜು, ಉಡುಪಿ ಕಡೆಯ ಮೆಣಸ್ಕಾಯಿ, ತುಪ್ಪದಲ್ಲಿ ಮಿಂದ ಅನಾನಸ್ ಕೇಸರಿಬಾತ್. ಇವುಗಳಲ್ಲಿ ಕಿಣ್ವವಿಲ್ಲ, ಸಿ ಜೀವಸತ್ವದ ಒಂದು ಪಾಲು ಬೆಂಕಿಗೆ ಹೋಗಿರುತ್ತದೆ. ನಾರು ಉಳಿಯುತ್ತದೆ, ಗೊಜ್ಜಿನ ಎಳ್ಳು ಕೊಬ್ಬರಿಯಿಂದ ಬೇರೆ ಸತ್ವವೂ ಸೇರುತ್ತದೆ. ಹಸಿ ಹಣ್ಣು ತಿಂದರೆ ಬಾಯಿ ತುರಿಸುವವರಿಗೆ ಗೊಜ್ಜು ನೆಮ್ಮದಿಯ ದಾರಿ. ತಡೆ ಬೇಕಾದದ್ದು ಬೆಲ್ಲಕ್ಕೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಅಳತೆಯ ಅರ್ಧ ಬೆಲ್ಲ ಸಾಕಾಗುತ್ತದೆ ಎನ್ನುವುದು ನಾನು ಮಾಡಿ ಕಂಡದ್ದು. ಕೇಸರಿಬಾತ್ ಸಿಹಿತಿಂಡಿ, ಅದರಲ್ಲಿ ಬಿದ್ದ ನಾಲ್ಕು ಹೋಳು ಅದನ್ನು ಆರೋಗ್ಯದ ತಿನಿಸಾಗಿ ಮಾಡುವುದಿಲ್ಲ.

ಕೊಂಕಣಿಗರ ಸಾಸಂ ಇವೆಲ್ಲಕ್ಕಿಂತ ಬೇರೆ. ಮಾವು, ಅನಾನಸ್ ಹೋಳುಗಳನ್ನು ಹಸಿಯಾಗಿಯೇ ಬಿಟ್ಟು, ತೆಂಗಿನಕಾಯಿ ಸಾಸಿವೆ ಬೆಲ್ಲ ಅರೆದು ಕಲೆಸುವುದು. ಒಲೆ ಹತ್ತಿಸದ ಈ ಅಡುಗೆಯಲ್ಲಿ ಸಿ ಜೀವಸತ್ವಕ್ಕೆ ಬೆಂಕಿಯ ಭಯವಿಲ್ಲ. ಊಟದೊಂದಿಗೆ ಹಣ್ಣು ತಿನ್ನಬೇಕೆನ್ನುವವರಿಗೆ ಇದಕ್ಕಿಂತ ರುಚಿಯಾದ ಉಪಾಯ ನನಗೆ ಗೊತ್ತಿಲ್ಲ. ಕಲೆಸಿದ ಕೂಡಲೇ ಬಡಿಸಬೇಕು, ಅಷ್ಟೇ.

ಗುಳಿಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚು ದುಡ್ಡು ಹೋಗುವುದೂ ಹೆಚ್ಚು ಅಪಾಯವಿರುವುದೂ ಇಲ್ಲೇ. ಬ್ರೊಮೆಲೈನ್ ಗುಳಿಗೆ "ಅನಾನಸ್ ಹಣ್ಣಿನ ಸತ್ವ" ಅಲ್ಲ. ಅದನ್ನು ತಯಾರಿಸುವುದು ಬಹುತೇಕ ಗಿಡದ ಕಾಂಡದಿಂದ, ಕೊಯ್ಲಿನ ನಂತರ ತೋಟದಲ್ಲಿ ಉಳಿಯುವ ಭಾಗದಿಂದ. ಅದರಲ್ಲಿ ಸಿ ಜೀವಸತ್ವವಿಲ್ಲ, ನಾರಿಲ್ಲ. ಇರುವುದು ಸಾಂದ್ರ ಕಿಣ್ವ ಮಾತ್ರ, ಅದೂ ಹಣ್ಣು ತಿಂದು ಎಂದೂ ಮುಟ್ಟಲಾಗದ ಪ್ರಮಾಣದಲ್ಲಿ.

ಅದಕ್ಕೆ ಔಷಧಿಯ ಗುಣವೇ ಇಲ್ಲವೆಂದಲ್ಲ. ಸುಟ್ಟ ಗಾಯದ ಮೇಲಿನ ಸತ್ತ ಚರ್ಮವನ್ನು ಕರಗಿಸಿ ತೆಗೆಯುವ ಬ್ರೊಮೆಲೈನ್ ಆಧಾರಿತ ಲೇಪನಕ್ಕೆ ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿದೆ. ನಮ್ಮಲ್ಲೂ ಹಲ್ಲು ಕೀಳಿಸಿಕೊಂಡವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ಬಾವು ಇಳಿಯಲೆಂದು ಟ್ರಿಪ್ಸಿನ್, ರುಟೊಸೈಡ್ ಜೊತೆ ಬ್ರೊಮೆಲೈನ್ ಸೇರಿದ ಮಾತ್ರೆಯನ್ನು ವೈದ್ಯರು ಬರೆದುಕೊಡುವುದುಂಟು. ಮಂಡಿನೋವಿಗೆ ಇದರ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ.

ಅತ್ತಿಗೆಯ ತಾಯಿ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಫೋನಿನಲ್ಲೇ ಓದಿಸಿದೆ. ಮೂರನೆಯದು ಕ್ಲೋಪಿಡೊಗ್ರೆಲ್. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುತ್ತಿರುವುದು. ಕ್ಲೋಪಿಡೊಗ್ರೆಲ್, ಆಸ್ಪಿರಿನ್, ವಾರ್ಫರಿನ್‌ನಂಥ ಮಾತ್ರೆಗಳ ಜೊತೆ ಬ್ರೊಮೆಲೈನ್ ಗುಳಿಗೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅವರಿಗೆ ಆ ಸೀಸೆ ತರಿಸಲೇಬಾರದು, ಹೃದಯದ ವೈದ್ಯರು ಒಪ್ಪದೆ ಒಂದು ಗುಳಿಗೆಯೂ ನುಂಗಬಾರದು ಎಂದು ಅಲ್ಲೇ ಹೇಳಿದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರಿಗೂ, ಗರ್ಭಿಣಿಯರಿಗೂ, ಅನಾನಸ್ ಅಲರ್ಜಿ ಇರುವವರಿಗೂ ಇದೇ ಮಾತು. ಊಟದ ಜೊತೆ ನಾಲ್ಕು ಹೋಳು ಹಣ್ಣು ತಿನ್ನುವುದು ಬೇರೆ, ಗುಳಿಗೆ ನುಂಗುವುದು ಬೇರೆ.

ಗರ್ಭಿಣಿಯರ ವಿಷಯ ಬಂದದ್ದರಿಂದ ಹೇಳುತ್ತೇನೆ. ಅನಾನಸ್ ತಿಂದರೆ ಗರ್ಭ ಇಳಿಯುತ್ತದೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಊಟದಲ್ಲಿ ತಿನ್ನುವಷ್ಟು ಕಳಿತ ಹಣ್ಣಿನಿಂದ ಹಾಗಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬಯಕೆಯಿಂದ ಎರಡು ಹೋಳು ತಿಂದ ಹುಡುಗಿಯನ್ನು ಗದರಿಸಿ ಅಳಿಸಬೇಡಿ. ಎದೆಯುರಿ ಹೆಚ್ಚಿಸುತ್ತದಾದರೆ ಆಗ ಬಿಡಲಿ.

ಯಾರಿಗೆ ಯಾವುದು

ಅಣ್ಣನಿಗೆ: ತಾಜಾ ಹಣ್ಣು, ಒಂದು ಬಿಲ್ಲೆ, ಅಂದರೆ 80ರಿಂದ 100 ಗ್ರಾಂ. ಬರಿಹೊಟ್ಟೆಗಲ್ಲ, ಊಟದ ಜೊತೆ, ಆ ಹೊತ್ತಿನ ಅನ್ನವನ್ನು ಅಷ್ಟು ಕಡಿಮೆ ಮಾಡಿ. ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿದರೆ ಅವರ ಮೈ ಏನು ಹೇಳುತ್ತದೆಂದು ಅವರಿಗೇ ತಿಳಿಯುತ್ತದೆ; ಯಾರ ಸಲಹೆಗಿಂತಲೂ ಆ ಅಂಕಿ ದೊಡ್ಡದು. ರಸ ಬೇಡ, ಪಾಕದ ಡಬ್ಬಿ ಬೇಡ.

ಮಗಳ ವಿಷಯದಲ್ಲಿ ನನಗೆ ಅನಾನಸ್ಸಿನ ಮೇಲೆ ನಿಜವಾದ ಭರವಸೆ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಸೊಪ್ಪು, ರಾಗಿ, ಕಾಳುಗಳಲ್ಲಿ ಕಬ್ಬಿಣವಿದ್ದರೂ ಅದು ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ದಕ್ಕುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡ ತಟ್ಟೆಯಲ್ಲೇ ಎರಡು ಬಿಲ್ಲೆ ಅನಾನಸ್ ಇರಲಿ, ಚಹಾ ಒಂದು ಗಂಟೆ ತಡವಾಗಲಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸುವಂತಿಲ್ಲ. ಸಿ ಜೀವಸತ್ವ ಒಂದೇ ಗುರಿಯಾಗಿದ್ದರೆ ಅನಾನಸ್ಸೇ ಆಗಬೇಕೆಂದಿಲ್ಲ. 100 ಗ್ರಾಂ ಸೀಬೆಯಲ್ಲಿ 228 ಮಿಲಿಗ್ರಾಂ, ಪರಂಗಿಯಲ್ಲಿ 60ರಷ್ಟು ಇರುತ್ತದೆ, ಹಿತ್ತಲಲ್ಲಿ ಸೀಬೆಮರವಿದ್ದರೆ ಖರ್ಚೂ ಇಲ್ಲ. ಹಾಸ್ಟೆಲಿನ ಮುಂದೆ ಅನಾನಸ್ ಗಾಡಿ ನಿಲ್ಲುತ್ತದೆ ಎನ್ನುವುದು ಅವಳ ಮಟ್ಟಿಗೆ ಅನಾನಸ್ಸಿನ ಪರವಾದ ದೊಡ್ಡ ಕಾರಣ.

ಅಜ್ಜಿಗೆ ಹುಳಿತೇಗು, ಎದೆಯುರಿಯೂ ಇದೆ. ಹಸಿ ಹಣ್ಣು ಅವರಿಗೆ ಒಗ್ಗದಿರಬಹುದು. ಬೆಲ್ಲ ಕಡಿಮೆ ಹಾಕಿದ ಗೊಜ್ಜು ಎರಡು ಚಮಚ, ಖಾರ ಹುಳಿ ಹಗುರವಾಗಿ. ಮಂಡಿನೋವಿಗೆ ಮೂಳೆ ವೈದ್ಯರನ್ನೇ ಕಾಣಲಿ.

ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿಡಬೇಕಾದವರು ಹಣ್ಣನ್ನೇ ಬಿಟ್ಟುಬಿಡುತ್ತಾರೆ. ಅನಾನಸ್ಸಿನಲ್ಲಿ 100 ಗ್ರಾಂಗೆ 109 ಮಿಲಿಗ್ರಾಂ ಪೊಟ್ಯಾಸಿಯಂ, ಬಾಳೆಹಣ್ಣಿನಲ್ಲಿ 358. ಪಥ್ಯ ಹೇಳುವವರನ್ನು ಕೇಳಿ ನೋಡಿ, ಒಂದು ಬಿಲ್ಲೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಕೊನೆಗೆ ಅತ್ತಿಗೆ ಒಂದು ಕ್ವೀನ್ ಹಣ್ಣು ತಂದರು. ಹೆರೆಯುವ ಬಗೆ ಹೇಳು ಎಂದು ಮತ್ತೆ ಫೋನ್. ಕಣ್ಣುಗಳು ಓರೆಸಾಲಿನಲ್ಲಿ ಇಳಿಯುತ್ತವೆ, ಸಿಪ್ಪೆ ತೆಗೆದ ಮೇಲೆ ಆ ಓರೆಯನ್ನೇ ಹಿಡಿದು ಎರಡೂ ಬದಿಯಿಂದ ಗೀರಿದರೆ ಒಂದು ಸಾಲು ಒಟ್ಟಿಗೇ ಎದ್ದು ಬರುತ್ತದೆ, ತಿರುಳು ಪೋಲಾಗುವುದಿಲ್ಲ. ಆಮೇಲೆ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ನಾಲಿಗೆ ಉರಿ ತಗ್ಗುತ್ತದೆ. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು, ಹುಳಿಗೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ಕೂಡಲೇ ಹಲ್ಲುಜ್ಜಬಾರದು. ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ, ಮೂರು ದಿನದ ಒಳಗೆ ಖಾಲಿಯಾಗಲಿ. ಇನ್ನೊಂದು: ಅನಾನಸ್ಸಿನ ಸಿಹಿಯೆಲ್ಲ ಬುಡದಲ್ಲಿ ಹೆಚ್ಚು, ಜುಟ್ಟಿನ ಕಡೆ ಕಡಿಮೆ. ಬಿಲ್ಲೆ ಮಾಡಿದರೆ ಒಬ್ಬರಿಗೆ ಸಿಹಿ, ಇನ್ನೊಬ್ಬರಿಗೆ ಹುಳಿ. ಉದ್ದಕ್ಕೆ ಸೀಳಿ ಹಂಚಿ ಎಂದೆ, ಒಂದು ಬಿಲ್ಲೆಯ ತೂಕದಷ್ಟೇ ಅಣ್ಣನಿಗೆ, ಅದರ ಎರಡರಷ್ಟು ಮಗಳಿಗೆ.